ಬೆನ್ನು ನೆಟ್ಟಗಾದ ಮೇಲೆ

ಎನ್.ಆರ್. ಕಾಲೋನಿಯಲ್ಲಿ ನನ್ನದೊಂದು ಪುಟ್ಟ ಫಿಸಿಯೋಥೆರಪಿ ಕ್ಲಿನಿಕ್. ವಯಸ್ಸಾದವರ ಬಿಗಿದುಕೊಂಡ ಮೇಲ್ಬೆನ್ನನ್ನು ಕೈಯಿಂದ ಮೆಲ್ಲಗೆ ಒತ್ತಿ ಸಡಿಲಿಸುವುದು ನನ್ನ ಕೆಲಸ. ಬೆನ್ನಿಗಿಂತ ಮೊದಲು ಬಾಯಿ ಸಡಿಲವಾಗುವುದರಿಂದ ಇಲ್ಲಿ ನಗುವಿಗೆ ಬರವಿಲ್ಲ.

ಬೆನ್ನು ಯಾರದು?

ನಿವೃತ್ತ ಮೇಷ್ಟ್ರೊಬ್ಬರು ಹೆಂಡತಿಯ ಜೊತೆ ಬಂದರು. ಬೋರಲು ಮಲಗಿಸಿ, "ಇಲ್ಲಿ ನೋವಿದೆಯಾ ಸರ್?" ಅಂದೆ.

"ಅಲ್ಲಿಲ್ಲ, ಸ್ವಲ್ಪ ಮೇಲೆ," ಅಂದರು ಹೆಂಡತಿ.

"ಜೋರಾಗಿ ಒತ್ತಲಾ?"

"ಒತ್ತಿ ಒತ್ತಿ, ತಡ್ಕೋತಾರೆ."

ದಿಂಬಿನೊಳಗಿಂದ ಮೇಷ್ಟ್ರ ದನಿ ಬಂತು: "ಬೆನ್ನು ನಂದು ಕಣೇ!"

"ನೀವು ಸುಮ್ನಿರಿ. ಡಾಕ್ಟ್ರು ಕೇಳ್ತಿರೋವಾಗ ಮಧ್ಯೆ ಬಾಯಿ ಹಾಕ್ಬೇಡಿ."

ಲಟಲಟ

ಚಾಮರಾಜಪೇಟೆಯ ಅಜ್ಜಿಯೊಬ್ಬರು ಕೈಚೀಲವನ್ನು ಯಾರಿಗೂ ಕೊಡದೆ ಮಗ್ಗುಲಡಿಗೇ ಸೇರಿಸಿಕೊಂಡು ಬೋರಲು ಮಲಗಿದರು. ಬೆನ್ನ ಮೇಲೆ ಅಂಗೈಯಿಟ್ಟು ಹಗುರಾಗಿ ಒತ್ತಿದೆನಷ್ಟೇ, ಲಟಲಟ ಅಂತ ಸದ್ದಾಯಿತು. ತಟ್ಟನೆ ಕೈ ತೆಗೆದೆ. ಹಳೇ ಮೂಳೆ!

"ಅಜ್ಜೀ, ಅಲ್ಲಾಡ್ಬೇಡಿ! ಏನಾಯ್ತು?"

ಅಜ್ಜಿ ನಿಧಾನವಾಗಿ ತಮ್ಮ ಅಡಿಯಿಂದ ಚೀಲ ಎಳೆದು ಇಣುಕಿ ನೋಡಿದರು. "ನನಗೇನೂ ಆಗಿಲ್ಲಮ್ಮ. ನಿಮಗೇ ಅಂತ ತಂದಿದ್ದ ಸಂಡಿಗೆಗೆ ಆಯ್ತು ನೋಡಿ!"

ಮೇಲಿನ ಶೆಲ್ಫು

ಬಸವನಗುಡಿಯ ಆಂಟಿಯೊಬ್ಬರು ವರ್ಷಗಳಿಂದ ಬಾಗಿ, ನೆಲ ನೋಡಿಕೊಂಡೇ ನಡೆಯುತ್ತಿದ್ದರು. ಗುಡಿಗೆ ಹೋದರೆ ದೇವರ ಪಾದವಷ್ಟೇ ಕಾಣುತ್ತೆ ಅನ್ನುವ ಕೊರಗು ಅವರಿಗೆ. ಕೆಲವು ವಾರ ಬೆನ್ನು ಒತ್ತಿ ಸಡಿಲಿಸಿದೆ, ಗೋಡೆಗೆ ಒರಗಿ ಕೈ ಎತ್ತುವುದನ್ನು ಕಲಿಸಿದೆ. ತಲೆ ಸ್ವಲ್ಪಸ್ವಲ್ಪವೇ ಮೇಲೆ ಬಂತು. ಒಂದು ಬೆಳಗ್ಗೆ, "ದೇವರ ಮುಖ ನೋಡಿದೆ ಕಣಮ್ಮಾ," ಅಂತ ನನ್ನ ಕೈ ಹಿಡಿದುಕೊಂಡರು.

ಮಾರನೇ ದಿನ ಅವರ ಯಜಮಾನರು ಒಬ್ಬರೇ ಬಂದರು. ಮುಖ ಗಂಟು ಹಾಕಿಕೊಂಡಿದ್ದರು.

"ಏನಮ್ಮಾ, ಇಷ್ಟೊಂದು ನೆಟ್ಟಗೆ ಮಾಡು ಅಂತ ಯಾರು ಹೇಳಿದ್ರು?"

"ಯಾಕೆ ಅಂಕಲ್, ಏನಾಯ್ತು?"

ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನಂಗೆ ಶುಗರ್ರು. ಅಡುಗೆಮನೆ ಮೇಲಿನ ಶೆಲ್ಫಲ್ಲಿ ಮೈಸೂರು ಪಾಕ್ ಇಟ್ಕೊಂಡಿದ್ದೆ. ಇಷ್ಟು ವರ್ಷ ಅವಳು ಆ ಕಡೆ ಕತ್ತೇ ಎತ್ತಿರ್ಲಿಲ್ಲ!"

ಅಷ್ಟರಲ್ಲಿ ಬಾಗಿಲಲ್ಲಿ ಆಂಟಿ ಬಂದು ನಿಂತಿದ್ದರು, ಕಂಬದ ಹಾಗೆ ನೆಟ್ಟಗೆ, ಕೈಯಲ್ಲಿ ಮೈಸೂರು ಪಾಕಿನ ಡಬ್ಬಿ ಹಿಡಿದು. ಅದನ್ನು ಗಂಡನ ಕಣ್ಣೆದುರೇ ನನ್ನ ಕೈಗಿಟ್ಟರು.

"ತಗೋಮ್ಮಾ, ಪೂರ್ತಿ ನಿಂಗೇ. ಹಾಗೇ ಇವರನ್ನೂ ಮಲಗ್ಸಿ ಒತ್ತು. ಇನ್ನೂ ಎಲ್ಲೆಲ್ಲಿ ಬಚ್ಚಿಟ್ಟಿದಾರೆ ಅಂತ ಬಾಯಿ ಬಿಡೋವರೆಗೂ ಬಿಡ್ಬೇಡ!"