ಒಂಬತ್ತು ಬೀಗದ ಕೈ, ಒಂದು ಕಾಲ್ಬಳೆ

"ನೀವಂತೂ ಎಲ್ಲಿಗೂ ಹೋಗಲ್ಲ ಅಲ್ವಾ ಅಣ್ಣಾ?" ಎನ್ನುತ್ತಲೇ ಮೇಲಿನ ಮನೆಯ ಟೀಚರಮ್ಮ ತಮ್ಮ ಬೀಗದ ಕೈಯನ್ನು ಬೀಗದಣ್ಣನ ಅಂಗೈಗೆ ಹಾಕಿ, ಉತ್ತರಕ್ಕೂ ಕಾಯದೆ ಶಾಲೆಗೆ ಹೊರಟರು.

ಹೋಗುವುದಾದರೂ ಎಲ್ಲಿಗೆ? ಬೀಗ ರಿಪೇರಿ ಅವನ ಕಸುಬು. "ನಮ್ಮದೇ ಅಂಗಡಿ, ಕೀ ಕಳೆದುಹೋಯ್ತು" ಎಂದವನನ್ನು ನಂಬಿ ಷಟರ್ ತೆಗೆದುಕೊಟ್ಟಿದ್ದ, ಅಂಗಡಿ ಇನ್ಯಾರದೋ. ಜೈಲಿನಲ್ಲಿ ಜಾಗವಿಲ್ಲವೆಂದು ಇಲಾಖೆ ಹೊಸದಾಗಿ ತರಿಸಿದ ಯಂತ್ರದ ಬಳೆ ಅವನ ಎಡಗಾಲಿಗೆ ಬಿತ್ತು. ಆರು ತಿಂಗಳು ಹೊಸ್ತಿಲು ದಾಟುವಂತಿಲ್ಲ. ದಾಟಿದರೆ ಬಳೆ ಕಿರುಚುತ್ತದೆ, ಶಿಕ್ಷೆ ಬೆಳೆಯುತ್ತದೆ.

"ಸದಾ ಮನೇಲಿರ್ತಾನೆ, ಎಲ್ಲಿದಾನೆ ಅಂತ ಸರ್ಕಾರಕ್ಕೇ ಗೊತ್ತಿರತ್ತೆ. ಇವನನ್ನ ಬಿಟ್ಟು ಇನ್ಯಾರನ್ನ ನಂಬೋದು?" ಎಂದು ಎದುರು ಮನೆಯ ತಾತ ತೀರ್ಪು ಕೊಟ್ಟ ಮೇಲೆ, ಒಂಬತ್ತು ಮನೆಗಳ ಕೀಗಳು ಆ ಒಂಟಿ ಜೀವದ ಗೋಡೆಯ ಮೊಳೆಗೆ ಬಂದು ನೇತುಬಿದ್ದವು.

ಇವತ್ತು ಸಂಜೆ ಐದಕ್ಕೆ ಬಿಡುಗಡೆ. ಅವನಿಗಿದ್ದ ಆಸೆ ಒಂದೇ: ಬೀದಿಕೊನೆಯ ಕ್ಷೌರದಂಗಡಿಗೆ ನಡೆದುಹೋಗುವುದು. ಗಡ್ಡ ಅಷ್ಟರಲ್ಲಿ ಹಕ್ಕಿ ಬಂದು ಬಾಡಿಗೆ ಕೇಳುವಷ್ಟು ಬೆಳೆದಿತ್ತು.

ಮಧ್ಯಾಹ್ನ ತಾತನ ಪಾರ್ಸಲ್ ತಂದವನು ಅದನ್ನು ಬೀಗದಣ್ಣನ ಮೆಟ್ಟಿಲ ಮೇಲಿಟ್ಟು ಓಡಿದ. "ಮಂಡಿ ನೋವು ಕಣೋ, ಸ್ವಲ್ಪ ಎತ್ತಿ ಒಳಗಿಡು" ಎಂದರು ತಾತ, ಎದುರು ಜಗಲಿಯ ಕುರ್ಚಿಯಿಂದೇಳದೆ. ಬೀಗದಣ್ಣ ಎಡಗಾಲನ್ನು ಒಳಗೇ ಊರಿ, ಉಳಿದ ಮೈಯನ್ನೆಲ್ಲ ಕೊಕ್ಕರೆಯಂತೆ ಹೊರಗೆ ಚಾಚಿದ.

"ಇನ್ನೊಂದು ಗೇಣು! ಚಾಚೋ!"

ಪಾರ್ಸಲ್ ಸಿಕ್ಕಿತು. ಬಳೆ ಒಮ್ಮೆ ಕೀಂಯ್ ಎಂದಿತು. ಅಲ್ಲಿಂದ ಐದು ಗಂಟೆಯವರೆಗೆ ಅವನಿಗೆ ಜೀವದಲ್ಲಿ ಜೀವವಿರಲಿಲ್ಲ.

"ಬಳೆ ಕಿರುಚಿದೆಯಲ್ರೀ?" ಎಂದರು ಬಳೆ ಬಿಚ್ಚಲು ಬಂದ ಅಧಿಕಾರಿ ಮೇಡಂ.

"ಕೊಕ್ಕರೆ ಆಗಿದ್ದೆ ಮೇಡಂ" ಎಂದು ಎಲ್ಲ ಹೇಳಿದ.

ಮೇಡಂ ನಕ್ಕು ಬಳೆ ಬಿಚ್ಚಿದರು. "ಇನ್ನು ಎರಡು ತಿಂಗಳು ಯಾವ ಬೀಗಾನೂ ತಂತಿ ಹಾಕಿ ತೆಗೀಬೇಡಿ. ನಿಮ್ಮ ಮನೇದೇ ಆದ್ರೂ ಸರಿ. ಹಾಕಿದ್ರೆ ಇದು ಮತ್ತೆ ಕಾಲಿಗೆ."

ಅವರು ಹೋದ ಬೆನ್ನಿಗೇ ಟೀಚರಮ್ಮ ಇಳಿದು ಬಂದರು. "ಸಕ್ಕರೆ ತರ್ತೀನಿ, ಈಗ ಬಂದೆ!" ಎಂದು ಅವನ ಕಾಲಿನ ಕಡೆ ನೋಡದೆಯೇ ಕೀ ಕೊಟ್ಟು ಓಡಿದರು. ಅಭ್ಯಾಸಬಲ, ಮೊಳೆಗೆ ಹಾಕಿದ. ಹೊಸ್ತಿಲು ದಾಟಿದ. ಹಿಂದೆ ಬಾಗಿಲು ಮುಚ್ಚಿ ಟಕ್ಕೆಂದು ತಾನಾಗಿಯೇ ಬೀಗ ಬಿದ್ದದ್ದು ಕಿವಿಗೆ ಸಂಗೀತವಾಗಿತ್ತು.

ನುಣ್ಣನೆಯ ಗಲ್ಲ ಸವರಿಕೊಳ್ಳುತ್ತ ಹಿಂತಿರುಗಿ ಜೇಬಿಗೆ ಕೈಹಾಕಿದ. ಖಾಲಿ! ಆರು ತಿಂಗಳು ಬೇಕೇ ಆಗದಿದ್ದ ಅವನ ಕೀ ಕೂಡ ಅದೇ ಮೊಳೆಯ ಮೇಲಿತ್ತು.

"ಯಾರ್ರೀ ನೀವು?" ಸಕ್ಕರೆ ಪೊಟ್ಟಣ ಹಿಡಿದು ಟೀಚರಮ್ಮ ಗದರಿದರು.

"ನಾನೇ ಅಮ್ಮಾ, ಬೀಗದಣ್ಣ."

"ಸುಳ್ಳು! ನಮ್ಮಣ್ಣ ಮನೆ ಬಿಟ್ಟು ಬರೋರೇ ಅಲ್ಲ."

ಪ್ಯಾಂಟ್ ಎತ್ತಿ ಎಡಗಾಲಿನ ಬಿಳಿ ಗುರುತು ತೋರಿಸಿದ.

"ಅಯ್ಯೋ, ನೀವೇ! ಕೀ ಕೊಡಿ ಬೇಗ, ಒಲೆ ಮೇಲೆ ಹಾಲಿದೆ!"

"ಕೀ ಒಳಗಿದೆ..."

ಮೇಲಿನಿಂದ ಸೀದ ವಾಸನೆ ಇಳಿಯಿತು.

"ತೆಗೀರಿ ಮತ್ತೆ!" ಟೀಚರಮ್ಮ ತಲೆಯ ಪಿನ್ನು ಕಿತ್ತು ಕೈಗಿಟ್ಟರು.

"ತೆಗಿಯೋ, ಸಾಕ್ಷಿಗೆ ನಾನಿದೀನಿ!" ಎಂದರು ತಾತ.

ಬೇಡವೆಂದು ಮನಸ್ಸು ಹೇಳುತ್ತಿತ್ತು. ಕೈ ಕೇಳಬೇಕಲ್ಲ! ಅರ್ಧ ನಿಮಿಷಕ್ಕೆ ಬಾಗಿಲು ತೆರೆಯಿತು. ಟೀಚರಮ್ಮ ಕೀ ಕಿತ್ತುಕೊಂಡು ಮೇಲಕ್ಕೆ ಹಾರಿದರು. ಪಿನ್ನು ಹಿಡಿದು ಮಂಡಿಯೂರಿದ್ದವನ ಹಿಂದಿನಿಂದ ದನಿ ಬಂತು.

"ಬಳೆಯ ಚಾರ್ಜರ್ ಮರೆತು ಹೋಗಿದ್ದೆ."

ಮೇಡಂ!

"ತಾತಾ, ಹೇಳಿ..." ಅವನು ಗೋಗರೆದ.

"ಹೌದು ಮೇಡಂ" ಎಂದರು ತಾತ ಗಂಭೀರವಾಗಿ, "ಇವನೇ ತೆಗೆದಿದ್ದು. ಕಣ್ಣಾರೆ ನೋಡಿದೀನಿ."

ಮೇಡಂ ನಿಟ್ಟುಸಿರಿಟ್ಟು ಚೀಲಕ್ಕೆ ಕೈಹಾಕಿದರು. ಅವನು ಎಡಗಾಲನ್ನು ತಾನಾಗಿಯೇ ಮುಂದೆ ಚಾಚಿದ.

ಹಾಲಿನ ಪಾತ್ರೆ ತಿಕ್ಕಲು ಹಾಕಿ ಇಳಿದು ಬಂದ ಟೀಚರಮ್ಮ ಬಾಗಿಲಲ್ಲೇ ನಿಂತರು. "ಎಷ್ಟು ತಿಂಗಳು ಮೇಡಂ?"

"ಎರಡು."

"ಸದ್ಯ!" ಎಂದು ಅವರು ಒಳಗೆ ಬಂದು, ತಮ್ಮ ಕೀಯನ್ನು ತಾವೇ ಮೊಳೆಗೆ ನೇತುಹಾಕಿದರು.