ಮಡಿಯಲ್ಲಿ ಹಚ್ಚಿದ ಬಲ್ಬು

ಮಡಿ ಉಟ್ಟುಕೊಂಡು ಬಲ್ಬು ಹಾಕುವುದು ಹೇಗೆ ಎಂಬುದನ್ನು ಹೈದರಾಬಾದಿನಲ್ಲಿ ಯಾರೂ ಯಂಕೋಬನಿಗೆ ಕಲಿಸಿರಲಿಲ್ಲ. ಮೂರು ವರ್ಷ ಅಲ್ಲಿ ತಂತಿ, ಡೈನಮೋ, ಫ್ಯೂಸು ಎಂದು ತಲೆ ಕೆಡಿಸಿಕೊಂಡವನಿಗೆ ಮೊದಲ ದಿನ ಹೇಳಿಕೊಟ್ಟ ಪಾಠ ಒಂದೇ: ಒದ್ದೆ ಮೈಯಲ್ಲಿ ಬಿಜಲಿ ತಂತಿ ಮುಟ್ಟಬಾರದು. ಆ ಪಾಠವನ್ನು ಮಾನ್ವಿಯ ಅನ್ನಮ್ಮ ಒಂದೇ ಮಧ್ಯಾಹ್ನದಲ್ಲಿ ಒರೆಸಿಹಾಕಿದಳು.

ಅನ್ನಮ್ಮ ಅಂದರೆ ಅಕ್ಕಿ ಗಿರಣಿ ಸಾಹುಕಾರ ಗಡಿಗೆಪ್ಪನ ತಾಯಿ. ಗಿರಣಿಯ ಹಿಂದೆಯೇ ಮನೆ. ಗಿರಣಿಯ ಇಂಜಿನ್ನಿಗೆ ಡೈನಮೋ ಜೋಡಿಸಿ ಮನೆಗೆ ಬಿಜಲಿ ದೀಪ ಹಾಕಿಸಬೇಕೆಂಬ ಹಳೆಯ ಹುಕಿ ಸಾಹುಕಾರನಿಗೆ ಮತ್ತೆ ಬಂದದ್ದು ಎಂಟು ತಿಂಗಳ ಹಿಂದೆ. ಒಂದು ತಿಂಗಳ ಕೆಲಸವೆಂದುಕೊಂಡು ಮಟಮಾರಿ ಊರಿನ ಯಂಕೋಬ ಬಂದು ಸೇರಿದ. ಆಗ ತಂತಿ ಬರಲಿಲ್ಲ. ತಂತಿ ಬಂದಾಗ ಡೈನಮೋ ಬರಲಿಲ್ಲ. ಡೈನಮೋ ಬಂದಾಗ ಶೂನ್ಯಮಾಸ ಬಂತು. ಏನು ಕೇಳಿದರೂ ಸಾಹುಕಾರನದು ಒಂದೇ ಉತ್ತರ: "ಯುದ್ಧ ನಡದದಪಾ, ಎಲ್ಲಿಂದ ತರ್ಲಿ?" ಬಲ್ಬಿಗೂ ಅದೇ ಉತ್ತರ ಬಂದಾಗ ಯಂಕೋಬ ತಾನೇ ರಾಯಚೂರಿಗೆ ಹೋಗಿ, ಅಂಗಡಿ ಅಂಗಡಿ ಅಲೆದು ಒಂದೇ ಒಂದು ಬಲ್ಬು ಸಂಪಾದಿಸಿ, ಹತ್ತಿಯಲ್ಲಿ ಸುತ್ತಿ, ಹಸುಗೂಸಿನಂತೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ.

ಇವತ್ತು ಮಾತ್ರ ಯಾವ ಉತ್ತರವೂ ನಡೆಯುವಂತಿರಲಿಲ್ಲ. ಬಿಜಲಿ ಇಲಾಖೆಯಿಂದ ಕಾಗದ ಬಂದಿತ್ತು. ಅಪ್ರೆಂಟಿಸ್ ಇಂಜಿನಿಯರ್ ಕೆಲಸಕ್ಕೆ ನಾಳೆ ಬೆಳಿಗ್ಗೆ ಹತ್ತಕ್ಕೆ ಹೈದರಾಬಾದಿನಲ್ಲಿ ಹಾಜರಾಗಬೇಕು. ಸ್ವಂತ ಕೈಯಿಂದ ಒಂದು ಜಾಗದಲ್ಲಿ ಬಿಜಲಿ ದೀಪ ಹಚ್ಚಿದ್ದಾನೆ ಎಂದು ಅಲ್ಲಿಯ ಮಾಲೀಕ ರುಜು ಮಾಡಿಕೊಟ್ಟ ಕಾಗದ ತರಬೇಕು. ವಯಸ್ಸು ಇಪ್ಪತ್ತೈದು ತುಂಬಿರಬಾರದು. ಯಂಕೋಬನಿಗೆ ಬರುವ ತಿಂಗಳು ತುಂಬುತ್ತಿತ್ತು. ಮಾನ್ವಿಯಿಂದ ಐದು ಗಂಟೆಗೆ ಇದ್ದಿಲು ಉರಿಸಿ ಓಡುವ ಬಸ್ಸು. ಅದು ತಪ್ಪಿದರೆ ರಾಯಚೂರಿನ ರಾತ್ರಿ ರೈಲು ತಪ್ಪಿತು, ರೈಲು ತಪ್ಪಿದರೆ ಇಂಜಿನಿಯರ್ ಆಗುವುದೂ ತಪ್ಪಿತು.

"ಮೊದಲ ದೀಪ ಹತ್ತಲಿ, ಆಮ್ಯಾಲ ರುಜು. ಮೂರಕ್ಕ ದೇವದುರ್ಗದಿಂದ ಸೂಗಮ್ಮನ್ನ ನೋಡಾಕ ಬೀಗರು ಬರ್ತಾರ. ಅವರ ಕಣ್ಣು ಕುಕ್ಕಬೇಕು ನೋಡು," ಎಂದ ಗಡಿಗೆಪ್ಪ. ಸೂಗಮ್ಮ ಅವನ ಒಬ್ಬಳೇ ಮಗಳು.

ಮೊದಲ ದೀಪ ದೇವರ ಮನೆಯಲ್ಲೇ ಹತ್ತಬೇಕು ಎಂಬುದು ಸಾಹುಕಾರನ ಆಸೆ. ಅನ್ನಮ್ಮ ಬಾಗಿಲಿಗೆ ಅಡ್ಡ ಕೂತಳು.

"ಎಣ್ಣಿ ಇಲ್ಲ, ಬತ್ತಿ ಇಲ್ಲ. ಅದ್ಯಾತರ ದೀಪ? ನನ್ನ ದೇವರ ಮುಂದ ಅದು ಬ್ಯಾಡ."

ಆಗಲೇ ಹನ್ನೆರಡು ಹೊಡೆದಿತ್ತು. ಯಂಕೋಬ ಮುದುಕಿಯ ಮುಂದೆ ಮಂಡಿಯೂರಿದ. "ಯವ್ವಾ, ಎಣ್ಣಿ ಇಂಜಿನ್ನಿಗಿ ಹಾಕ್ತೀವ್ರೀ. ಬತ್ತಿ ಈ ಬುರುಡ್ಯಾಗ ಅದ ನೋಡ್ರಿ, ಕೂದಲಿನಂಗ ಕಾಣ್ತದಲ್ಲ, ಅದ. ಇದೂ ದೀಪಾನ. ನಿಮ್ಮ ಎಣ್ಣಿ ದೀಪದ ಸಮೆಗೂ ಇದಕ್ಕೂ ಏನೂ ಫರಕ್ ಇಲ್ರೀ."

"ಏನೂ ಫರಕ್ ಇಲ್ಲ?"

"ಏನೂ ಇಲ್ರೀ. ದೇವರಾಣಿ."

ಅನ್ನಮ್ಮ ಬಾಗಿಲಿನಿಂದ ಎದ್ದಳು. "ಹಂಗಾದ್ರ ಸರಿ. ದೀಪ ಅಂದ ಮ್ಯಾಲ ಮಡೀಲೆ ಹಚ್ಚಬೇಕು. ಬಾವಿಗಿ ಹೋಗಿ ಜಳಕಾ ಮಾಡಿ, ಒದ್ದಿ ಪಂಚಿ ಉಟ್ಟು ಬಾ."

ಒದ್ದೆ ಪಂಚೆ ಎಂದಾಗ ಯಂಕೋಬನಿಗೆ ಹೈದರಾಬಾದಿನ ಮೇಷ್ಟ್ರು ಕಣ್ಣ ಮುಂದೆ ಬಂದರು. ಆದರೆ ಐದು ಗಂಟೆಯ ಬಸ್ಸು ಮೇಷ್ಟ್ರಿಗಿಂತ ದೊಡ್ಡದಾಗಿ ಕಂಡಿತು. ಹೋಗಿ ಮಿಂದು ಬಂದ. ಅಷ್ಟರಲ್ಲಿ ಅನ್ನಮ್ಮ ಬಲ್ಬನ್ನು ತಟ್ಟೆಯಲ್ಲಿಟ್ಟು, ವಿಭೂತಿ ಬಳಿದು, ಕುಂಕುಮವಿಟ್ಟು, ಹೂವು ಏರಿಸಿ ಪೂಜೆ ಮುಗಿಸಿದ್ದಳು. ಯಂಕೋಬ ಗಾಜಿನ ಮೇಲಿನದಷ್ಟನ್ನು ಮೆಲ್ಲಗೆ ಒರೆಸಿ ಬಲ್ಬನ್ನು ಸಿಕ್ಕಿಸಿದ, ಗೋಡೆಯ ಗುಂಡಿ ಒತ್ತಿದ, ಗಿರಣಿಯಲ್ಲಿದ್ದ ಇಂಜಿನ್ ಮಿಸ್ತ್ರಿ ಸೈಫುದ್ದೀನನಿಗೆ ಕೂಗು ಹಾಕಿದ.

ಇಂಜಿನ್ನು ನಾಲ್ಕು ಸಲ ಕೆಮ್ಮಿ ಶುರುವಾಯಿತು. ಶುರುವಾದದ್ದೇ ತಡ, ಡೈನಮೋದ ಬೆಲ್ಟು ಕಳಚಿ ಬಿತ್ತು. ಯಂಕೋಬ ಓಡಿದ. ಇಬ್ಬರೂ ಸೇರಿ ಎರಡು ಗಂಟೆ ಹೆಣಗಿ ಬೆಲ್ಟು ಏರಿಸಿದರು, ಇಂಜಿನ್ನು ಮತ್ತೆ ಶುರುವಾಯಿತು, ಡೈನಮೋ ಗುಂಯ್ ಎಂದು ತಿರುಗಿತು. ದೇವರ ಮನೆಯಲ್ಲಿ ಕತ್ತಲೆ ಇದ್ದಂತೆಯೇ ಇತ್ತು.

ನೋಡೋಣವೆಂದು ಒಳಗೆ ಕಾಲಿಡುವಷ್ಟರಲ್ಲಿ ಅನ್ನಮ್ಮ ಕೈ ಅಡ್ಡ ಹಿಡಿದಳು. "ಆ ಇಂಜಿನ್ನಿನ ಪಟ್ಟಾ ಯಾತರದು?"

"ತೊಗಲಿಂದ್ರೀ."

"ತೊಗಲು ಮುಟ್ಟಿದ ಕೈಲೆ ದೇವರ ದೀಪ ಮುಟ್ತೀಯಾ? ಹೋಗು, ಜಳಕಾ ಮಾಡಿ ಬಾ."

ಅವನು ಎರಡನೆಯ ಸಲ ಬಾವಿಗೆ ಹೋದಾಗ ದೇವದುರ್ಗದ ಬೀಗರ ಬಂಡಿಗಳು ಬಾಗಿಲಲ್ಲಿ ನಿಂತವು. ಒಂಬತ್ತು ಜನ. ಹುಡುಗಿಯನ್ನು ನೋಡಲು ಬಂದವರು ಹುಡುಗಿಯನ್ನು ಬಿಟ್ಟು ದೇವರ ಮನೆಯ ಬಾಗಿಲಿಗೆ ಮುತ್ತಿಕೊಂಡರು. ಒಬ್ಬ ತಂತಿ ಸೊಟ್ಟಗಿದೆ ಎಂದ, ಇನ್ನೊಬ್ಬ ನೀರು ಬಿದ್ದರೆ ತಂತಿಯೊಳಗೆ ದಾರಿ ಸಲೀಸಾಗುತ್ತದೆ ಎಂದ. ಯಂಕೋಬ ಬಾವಿಯಿಂದ ಬಂದು ಜನರ ನಡುವೆ ನುಸುಳಿದ. ನೀರು ತೊಟ್ಟಿಕ್ಕುವ ಪಂಚೆಯಲ್ಲಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಬಲ್ಬು ಬಿಚ್ಚಿ ನೋಡಿದ. ಹಿತ್ತಾಳೆಯ ಬುಡದ ತುಂಬ ವಿಭೂತಿ ಒಣಗಿ ಸುಣ್ಣದಂತೆ ಕೂತಿತ್ತು. ಅದನ್ನು ತಿಕ್ಕಿ ತೆಗೆದ. ಮೇಲೆ ಬಲ್ಬು ಕೂರುವ ಗೂಡಿನಲ್ಲೂ ಅಂಟಿರಬಹುದೆಂದು ಪಂಚೆಯ ಸೆರಗನ್ನು ಒಳಗೆ ತೂರಿಸಿದ. ಇಂಜಿನ್ನು ಇನ್ನೂ ನಡೆಯುತ್ತಿದೆ ಎಂಬುದು ಅವನ ನೆನಪಿಗೆ ಬಂದದ್ದು ಆಮೇಲೆ.

ತಲೆಯಿಂದ ಕಾಲಿನವರೆಗೆ ಒಮ್ಮೆ ನಡುಗಿ, ಹೋ ಎಂದು ಕೂಗಿ, ಯಂಕೋಬ ಹಿಂದಕ್ಕೆ ಹಾರಿ ಬಾಗಿಲ ಪಕ್ಕದಲ್ಲಿದ್ದ ಅಕ್ಕಿಯ ಚೀಲದ ಮೇಲೆ ಕೂತ. ಬಲ್ಬು ಮಾತ್ರ ಎಡಗೈಯಲ್ಲಿ ಭದ್ರವಾಗಿತ್ತು. ಕೈ, ಗದ್ದ, ಮೊಣಕಾಲು ಇನ್ನೂ ತಮ್ಮಷ್ಟಕ್ಕೆ ತಾವು ಕುಣಿಯುತ್ತಿದ್ದವು.

"ಮೈಮ್ಯಾಲ ದೇವರು ಬಂತು," ಎಂದ ಬೀಗರ ಹಿರಿಯ. ಒಂಬತ್ತು ಜನರೂ ಕೈಮುಗಿದರು. ಹಿರಿಯ ಮುಂದೆ ಬಂದು ಬಗ್ಗಿ ಕೇಳಿದ: "ಯಪ್ಪಾ, ಈ ಸಂಬಂಧ ಕೂಡಿ ಬರ್ತದೇನು?"

"ಇಂಜಿನ್... ಇಂಜಿನ್ ನಿಲ್ಲಸ್ರಿ," ಎಂದ ಯಂಕೋಬ.

"ನಿಲ್ಲಸ್ತೀವಿ ಯಪ್ಪಾ. ಸಂಬಂಧ ಕೂಡಿ ಬರ್ತದೇನು ಹೇಳು."

"ಬರ್ತದ, ಬರ್ತದ. ಮೊದಲ ಇಂಜಿನ್ ನಿಲ್ಲಸ್ರಿ."

ಇಂಜಿನ್ನು ನಿಂತಿತು. ಯಂಕೋಬ ಎದ್ದು ಬಲ್ಬನ್ನು ಸಿಕ್ಕಿಸಿ, ಗುಂಡಿ ಆರಿಸಿ, ಗಿರಣಿಗೆ ಹೋದ. ಫ್ಯೂಸು ಸುಟ್ಟಿತ್ತು. ಹೊಸ ಎಳೆ ಹಾಕಿದ, ಸಡಿಲಾಗಿದ್ದ ಬೆಲ್ಟು ಬಿಗಿ ಮಾಡಿದ. ಗಡಿಯಾರ ನಾಲ್ಕು ಇಪ್ಪತ್ತು ತೋರಿಸುತ್ತಿತ್ತು. ಅವನಿಗೆ ಅಳು ಬರುವಷ್ಟು ದಣಿವಾಗಿತ್ತು. ಇನ್ನು ಗುಂಡಿ ಒತ್ತುವುದಷ್ಟೇ ಬಾಕಿ. ಅದನ್ನು ಯಾರಾದರೂ ಒತ್ತಿರಿ ಎಂದು ಬಾಗಿಲಿನಿಂದಲೇ ಕೈಮುಗಿದು ಕೇಳಿಕೊಂಡ. ಈಗಷ್ಟೇ ನೋಡಿದ ಕುಣಿತ ನೆನೆದು ಒಬ್ಬರೂ ಮುಂದೆ ಬರಲಿಲ್ಲ.

"ಪಟ್ಟಾ ಮುಟ್ಟಿ ಬಂದ್ಯಲ್ಲ?" ಎಂದಳು ಅನ್ನಮ್ಮ.

ಯಂಕೋಬ ಮೂರನೆಯ ಸಲ ಬಾವಿಗೆ ಹೋದ. ಫೆಬ್ರುವರಿಯ ಬಿಸಿಲಲ್ಲೂ ಅವನ ಹಲ್ಲು ಕಟಕಟ ಎನ್ನುತ್ತಿದ್ದವು.

ನಾಲ್ಕು ಮುಕ್ಕಾಲಿಗೆ ದೀಪ ಹತ್ತಿತು. ಕಿಟಕಿಯಿಲ್ಲದ ಆ ದೇವರ ಮನೆಯಲ್ಲಿ ಐವತ್ತು ವರ್ಷದಿಂದ ಯಾರೂ ನೋಡಿರದ ಮೂಲೆಗಳೆಲ್ಲ ಕಂಡವು. ಬೀಗರು ಗಲ್ಲ ಗಲ್ಲ ಬಡಿದುಕೊಂಡರು. ಅನ್ನಮ್ಮನ ಕಣ್ಣಲ್ಲಿ ನೀರು ಬಂತು. ಯಂಕೋಬನಿಗೂ ಎದೆ ತುಂಬಿತು. ಏನೇ ಆಗಲಿ, ಅದು ಅವನು ಹಚ್ಚಿದ ದೀಪ.

ಗಡಿಗೆಪ್ಪ ಮಾತಿಗೆ ತಪ್ಪಲಿಲ್ಲ. ಕಾಗದಕ್ಕೆ ಅಲ್ಲೇ ರುಜು ಹಾಕಿದ. ಯಂಕೋಬ ಬಟ್ಟೆ ಬದಲಿಸಿ, ಚೀಲ ಹೆಗಲಿಗೇರಿಸಿ ಕಾಗದಕ್ಕೆ ಬಂದರೆ ಅದು ಸಾಹುಕಾರನ ಕೈಯಲ್ಲಿರಲಿಲ್ಲ.

"ಅವ್ವ ದೇವರ ಮುಂದ ಇಟ್ಟಾಳ," ಎಂದ ಗಡಿಗೆಪ್ಪ. "ಸಂಬಂಧ ಗಟ್ಟಿ ಆತು. ದೀಪದ ಸಾಕ್ಷಿಲೆ ಆತಲ್ಲ, ಅದಕ್ಕ ಅವ್ವ ಹರಕಿ ಹೊತ್ತಾಳ. ಸೂಗಮ್ಮನ ಲಗ್ನ ಮುಗಿಯೂತನಕ ಈ ದೀಪ ಆರಬಾರದು, ನಂದಾದೀಪ. ಹರಕಿ ತೀರೂತನಕ ದೇವರ ಮುಂದಿಂದೇನೂ ತೆಗೆಯಂಗಿಲ್ಲ."

"ಲಗ್ನ ಯಾವಾಗ್ರೀ?"

"ಬಸವ ಜಯಂತಿ ಆದ ಮ್ಯಾಲ. ಮೂರು ತಿಂಗಳು, ಕಣ್ಣು ಮುಚ್ಚಿ ತೆಗೆಯೂದ್ರಾಗ ಹೋಗ್ತಾವ."

ಯಂಕೋಬ ಹೊಸ್ತಿಲಲ್ಲಿ ನಿಂತ. "ಯವ್ವಾ, ಇದು ಬಿಜಲಿ ದೀಪರೀ. ಇದಕ್ಕ ನಂದಾದೀಪದ ನೇಮ ಬರೂದಿಲ್ರೀ."

"ನನ್ನ ಸಮೆಗೂ ಇದಕ್ಕೂ ಏನೂ ಫರಕ್ ಇಲ್ಲ ಅಂತ ದೇವರಾಣಿ ಇಟ್ಟವ ಯಾರು ತಮ್ಮಾ?" ಎಂದಳು ಅನ್ನಮ್ಮ ಪ್ರೀತಿಯಿಂದಲೇ. "ಈಗ ಇದು ಆರಿದ್ರ ಬೀಗರು ಅಪಶಕುನ ಅಂತ ಎದ್ದು ಹೋಗ್ತಾರ. ಆ ಹುಡುಗಿ ಮುಖಾ ನೋಡಿ ಹೇಳು."

ಕಂಬದ ಮರೆಯಲ್ಲಿ ಸೂಗಮ್ಮ ನಗುತ್ತ ನಿಂತಿದ್ದಳು. ಯಂಕೋಬ ಅತ್ತ ಒಮ್ಮೆ ನೋಡಿದ. ತನ್ನ ಬದಲು ಇವನು ನೋಡಿಕೊಂಡಾನು ಎಂಬ ಆಸೆಯಿಂದ ಬಾಗಿಲಲ್ಲಿ ನಿಂತಿದ್ದ ಸೈಫುದ್ದೀನನ ಕಡೆ ತಿರುಗಿದ.

"ಇಂಜಿನ್ ಹಗಲೂ ರಾತ್ರಿ ನಾ ನೋಡ್ತೀನಿ ಇಂಜಿನಿಯರ್ ಸಾಬ್," ಎಂದ ಸೈಫುದ್ದೀನ. "ಡೈನಮೋ, ತಂತಿ ನಿಮ್ದು. ಅದರ ಗೊಡವಿ ನನಗ ಬ್ಯಾಡ್ರಿ. ನೀವು ಕುಣಿದದ್ದು ನೋಡೀನಿ."

ಬಸ್ಸು ಎರಡು ಸಲ ಹಾರನ್ ಹೊಡೆದು ಹೊರಟದ್ದು ಕೇಳಿಸಿತು. ಕಾಗದ ದೇವರ ಪಾದದ ಬಳಿ ಹೂವಿನ ಕೆಳಗಿತ್ತು. ಆ ಬೆಳಕಿನಲ್ಲಿ ಹೊಸ್ತಿಲಿನಿಂದಲೇ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಓದಲು ಬರುತ್ತಿತ್ತು: ಈತನು ಸ್ವಂತ ಕೈಯಿಂದ ದೀಪ ಹಚ್ಚಿರುತ್ತಾನೆ.

ಅವನು ಬಲ್ಬಿನ ಕಡೆ ನೋಡಿದ. ಯುದ್ಧ ಕಾಲದ ಮಾಲು. ಹೆಚ್ಚೆಂದರೆ ಎಂಟು ದಿನ ಉರಿದೀತು. ಇನ್ನೊಂದು ಇಡೀ ತಾಲೂಕಿನಲ್ಲಿಲ್ಲ. ಹೈದರಾಬಾದು ಹೇಗೂ ತಪ್ಪಿತು, ಎಂಟು ದಿನಕ್ಕೆ ಮಟಮಾರಿಯ ಮನೆಯನ್ನಾದರೂ ಸೇರಬಹುದು. ಆ ಮಟ್ಟಿಗೆ ಮನಸ್ಸು ಹಗುರವಾಗಿ ಬಾಯಿಬಿಟ್ಟ: "ಬಲ್ಬು ಸುಟ್ರ ನನ್ನ ತಪ್ಪಲ್ರೀ ಸಾವ್ಕಾರ್ರೀ. ಅದು ಒಂದ ಅದ."

ಗಡಿಗೆಪ್ಪ ನಕ್ಕು ಒಳಗೆ ಹೋಗಿ ಒಂದು ಮರದ ಪೆಟ್ಟಿಗೆ ತಂದು ಮುಚ್ಚಳ ತೆಗೆದ. ಹುಲ್ಲಿನಲ್ಲಿ ಸಾಲಾಗಿ ಮಲಗಿದ ಎರಡು ಡಜನ್ ಬಲ್ಬುಗಳು.

"ಸೂಗಮ್ಮನ ಲಗ್ನದ ಹಂದರಕ್ಕಂತ ಯುದ್ಧಕ್ಕ ಮೊದಲ ತರಿಸಿ ಇಟ್ಟಿದ್ದೆ. ಮೊದಲ ಹೇಳಿದ್ರ ಖರ್ಚು ಮಾಡಿಬಿಡ್ತಿದ್ದಿ."

ಅನ್ನಮ್ಮ ಪೆಟ್ಟಿಗೆಯೊಳಗೆ ಇಣುಕಿ ನೋಡಿ ತಲೆಯಾಡಿಸಿದಳು. "ಒಂಟಿ ದೀಪ ಇಡಬಾರದು. ಬಾಜೂಕ ಇನ್ನೊಂದು ಹಚ್ಚು, ಒಂದು ಆರಿದ್ರ ಇನ್ನೊಂದು ಇರ್ತದ." ಆಮೇಲೆ ಯಂಕೋಬನ ಒಣ ಬಟ್ಟೆಯನ್ನೂ ಹೆಗಲ ಚೀಲವನ್ನೂ ನೋಡಿದಳು. "ಅದನ್ನ ಇಳಿಸು. ಜಳಕಾ ಮಾಡಿ ಬಾ."

ಯಂಕೋಬ ಚೀಲ ಇಳಿಸಿ, ಇನ್ನೂ ಒಣಗದ ಪಂಚೆಯನ್ನು ಗೂಟದಿಂದ ತೆಗೆದುಕೊಂಡು ನಾಲ್ಕನೆಯ ಸಲ ಬಾವಿಯ ಕಡೆ ನಡೆದ.