ಕಂಪ್ಯೂಟರಿನ ಹಣೆ

ಮುರುಗೇಶಪ್ಪನವರ ಕಂಪ್ಯೂಟರು ಕೆಟ್ಟದ್ದು ದೊಡ್ಡ ವಿಷಯವಲ್ಲ. ಅದು ವಿಜಯದಶಮಿಯ ದಿನವೇ ಕೆಟ್ಟಿತಲ್ಲ, ಅದು ದೊಡ್ಡ ವಿಷಯ.

ಹಿಂದಿನ ದಿನ ಆಯುಧಪೂಜೆಯಲ್ಲಿ ಮಲವಗೊಪ್ಪದ ಆ ಮನೆಯೊಳಗೆ ಪೂಜೆಯಾಗದೆ ಉಳಿದ ವಸ್ತುವೇ ಇರಲಿಲ್ಲ. ಸ್ಕೂಟರು, ಮಿಕ್ಸಿ, ಈಳಿಗೆಮಣೆ, ಕೊನೆಗೆ ಟಿವಿಯ ರಿಮೋಟಿಗೂ ಒಂದು ಬೊಟ್ಟು. ಕಂಪ್ಯೂಟರಿಗಂತೂ ಮದುಮಗನ ಮರ್ಯಾದೆ: ಕೊರಳಿಗೆ ಸೇವಂತಿಗೆ, ಬುಡಕ್ಕೆ ನಿಂಬೆಹಣ್ಣು, ಹಣೆಗೆ ಗಟ್ಟಿಯಾಗಿ ಕಲಸಿದ ವಿಭೂತಿ. ಬೆಳಿಗ್ಗೆ ಎದ್ದು ಗುಂಡಿ ಒತ್ತಿದರೆ ಒಳಗಿನ ಫ್ಯಾನು ಗುಂಯ್ ಎಂದಿತು, ಹಸಿರು ದೀಪ ಕಣ್ಣುಬಿಟ್ಟಿತು, ನಾಲ್ಕು ಉಸಿರು ಬಿಡುವುದರೊಳಗೆ ಎಲ್ಲ ತಣ್ಣಗಾಯಿತು. ಸ್ವಲ್ಪ ತಡೆದು ಮತ್ತೆ ಒತ್ತಿದರು. ಮತ್ತೆ ಗುಂಯ್, ಮತ್ತೆ ಮೌನ. ಅಲಾರಂ ಹೊಡೆದಾಗ ಎದ್ದು ಕೂತು, ಇವತ್ತು ಭಾನುವಾರ ಎಂದು ನೆನಪಾಗಿ ಪುನಃ ಉರುಳಿಕೊಳ್ಳುವ ಗುಮಾಸ್ತನ ಹಾಗೆ.

"ಪೂಜೆ ಮಾಡಿದ ಆಯುಧ ಇವತ್ತು ಹೊತ್ತು ಮುಳುಗೋದರೊಳಗೆ ಕೆಲಸ ಶುರು ಮಾಡ್ಬೇಕು ಕಣ್ರೀ. ಇವತ್ತು ನಿಂತಿದ್ದು ವರ್ಷಪೂರ್ತಿ ನಿಲ್ಲುತ್ತೆ" ಎಂದು ಹೆಂಡತಿ ಬಸವರಾಜೇಶ್ವರಿ ಸೌಟು ಹಿಡಿದೇ ಬಂದರು. "ವಿಜೀಗೆ ಫೋನ್ ಮಾಡ್ಲಾ?"

ಆ ಹೆಸರು ಕೇಳುತ್ತಲೇ ಮುರುಗೇಶಪ್ಪನವರು ಗುಂಡಿಯನ್ನು ಇನ್ನೊಂದು ಸಲ ಒತ್ತಿದರು.

ವಿಜಿ ಎಂದರೆ ವಿಜಯೇಂದ್ರ, ಅವರ ಭಾವಮೈದ. ಭದ್ರಾವತಿಯ ಕಾರ್ಖಾನೆಯಲ್ಲಿ ಲೇತ್ ಓಡಿಸಿ ನಿವೃತ್ತನಾದವನು. ಅಕ್ಕನ ಮನೆಯಲ್ಲಿ ಏನು ಕೆಟ್ಟರೂ ಅವನೇ ಬರಬೇಕು. ಬಂದವನು ಅರ್ಧ ಗಂಟೆಯಲ್ಲಿ ಸರಿಮಾಡಿ, ಉಳಿದ ವಾರವೆಲ್ಲ ಅದರ ಕತೆ ಹೇಳುತ್ತಿದ್ದ. ಅಷ್ಟೂ ದಿನ ಕಿಟಕಿ ಪಕ್ಕದ ಮಂಚ ಅವನಿಗೆ, ರಿಮೋಟು ಅವನಿಗೆ, ಮೊದಲ ಹೋಳಿಗೆ ಅವನಿಗೆ. ಮನೆಯ ಯಜಮಾನರು ಹಾಲಿನಲ್ಲಿ ಹಾಸಿಗೆ ಹಾಸಿಕೊಂಡು, ಅವನ ಗೊರಕೆ ಕೇಳುತ್ತ ಚಾವಣಿ ನೋಡುತ್ತಿದ್ದರು. ಹೋದ ಸಲ ನಲ್ಲಿಯ ವಾಷರಿಗೆ ಬಂದವನು ಎಲ್ಲರೆದುರು "ಪಾಪ, ನಮ್ಮ ಭಾವಂಗೆ ಪೆನ್ನಿನ ಮುಚ್ಚಳ ಹಾಕೋದು ಬಿಟ್ರೆ ಬೇರೆ ಮೆಕ್ಯಾನಿಕ್ಕು ಬರಲ್ಲ" ಎಂದಿದ್ದ.

"ಯಾರೂ ಬೇಡ. ಸಂಜೆಯೊಳಗೆ ನಾನೇ ಮಾಡ್ತೀನಿ."

"ನೀವಾ?" ಬಸವರಾಜೇಶ್ವರಿಯವರ ಸೌಟೇ ನಕ್ಕಂತಾಯಿತು. "ಆಯ್ತು. ದೀಪ ಹಚ್ಚೋ ಹೊತ್ತಿಗೆ ಆಗ್ದಿದ್ರೆ ವಿಜೀನ ಕರೆಸೋದೇ."

ಗಾಂಧಿ ಬಜಾರಿನ ರಿಪೇರಿಯವನಿಗೆ ಫೋನ್ ಮಾಡಿದರೆ, ಹಿಂದಿನಿಂದ ಡೊಳ್ಳಿನ ಸದ್ದು. "ಸ್ಕ್ರೂಡ್ರೈವರೆಲ್ಲ ಪೂಜೆಗೆ ಕೂತಿದಾವೆ ಸಾರ್, ನಾಳೆ ಎಬ್ಬಿಸ್ತೀನಿ. ಈಗ ಅಂಬಾರಿ ಹೊರೋ ಸಕ್ರೆಬೈಲಿನ ಆನೆ ನೋಡ್ತಿದೀನಿ" ಎಂದು ಇಟ್ಟೇಬಿಟ್ಟ.

ಗುಂಯ್ ಸದ್ದು ಕೇಳಿ ಪಕ್ಕದ ಮನೆಯ ಶಂಕರನಾರಾಯಣ ಮೇಷ್ಟ್ರು ಬಂದರು. ಸಂಸ್ಕೃತ ಪಾಠ ಹೇಳಿ ನಿವೃತ್ತರಾದವರು, ಎಲ್ಲ ಕಾಯಿಲೆಗೂ ದಿಕ್ಕೇ ಕಾರಣ ಎಂದು ನಂಬಿದವರು. "ಮುಖ ದಕ್ಷಿಣಕ್ಕಿದೆಯಲ್ರೀ ಮುರುಗೇಶಪ್ಪನೋರೆ! ಯಮನ ಕಡೆ ನೋಡ್ಕೊಂಡು ಯಾರಿಗೆ ಏಳೋಕೆ ಮನಸ್ಸು ಬರುತ್ತೆ? ಈಶಾನ್ಯಕ್ಕೆ ತಿರುಗಿಸಿ."

ಮೇಜು ತಿರುಗಿಸಿದರು. ವೈರು ಸಾಲಲಿಲ್ಲ. ಮೇಜಿನಡಿ ತೆವಳಿದ ಮುರುಗೇಶಪ್ಪನವರು ಏಳುವಾಗ ತಲೆ ಟಣ್ಣೆಂದಿತು. ಗುಂಡಿ ಒತ್ತಿದರು. ಗುಂಯ್. ಮೌನ.

"ಈಗ ಕಂಪ್ಯೂಟರಿನ ಮುಖ ಸರಿಯಿದೆ. ನಿಮ್ಮ ಮುಖ ದಕ್ಷಿಣಕ್ಕಾಯ್ತು" ಎಂದರು ಮೇಷ್ಟ್ರು.

ಅಷ್ಟರಲ್ಲಿ ಎದುರುಮನೆ ವೀರಮ್ಮ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದಾಗಿತ್ತು. "ದಿಕ್ಕೂ ಇಲ್ಲ ದೆಸೇನೂ ಇಲ್ಲ, ಸರೀರಿ ಆಚೆ. ನಮ್ಮನೆ ಗ್ರೈಂಡರು ಹಿಂಗೇ ಆಡ್ತಿತ್ತು. ಎರಡು ಬಿಟ್ಟೆ, ಇವತ್ತಿಗೂ ತೆಪ್ಪಗೆ ರುಬ್ಬುತ್ತೆ." ಬೇಡ ಎನ್ನುವ ಮೊದಲೇ ಬಿಟ್ಟರು. ಡಬ್ಬದ ಪಕ್ಕದ ತಗಡು ದಡಾರನೆ ಬಿದ್ದು, ಒಳಗಿದ್ದ ಧೂಳು ಹೊಗೆಯಂತೆ ಎದ್ದಿತು. ಮೇಷ್ಟ್ರು ಏಳು ಸಲ ಸೀನಿದರು. ನಿಂಬೆಹಣ್ಣು ಹೆದರಿಕೊಂಡು ಸೋಫಾದ ಕೆಳಗೆ ಓಡಿತು.

"ಅಯ್ಯೋ ಮಾರಾಯ್ತಿ, ಅದು ಗ್ರೈಂಡರಲ್ಲ ಕಣಮ್ಮಾ!" ಎಂದು ಮುರುಗೇಶಪ್ಪನವರು ತಗಡನ್ನು ಎದೆಗವಚಿಕೊಂಡರು.

ಆಗಲೇ ಫೋನು ಬಡಿದುಕೊಂಡಿತು. ವಿಜಯೇಂದ್ರ!

"ಭಾವ, ಹಬ್ಬ ಜೋರಾ? ಪೂಜೆ ನಾನು ಹೇಳಿಕೊಟ್ಟ ಹಂಗೇ ಮಾಡಿದ್ರಾ? ವಿಭೂತಿ ದಪ್ಪಗೆ ಬಳಿದ್ರಾ?"

"ಸುಣ್ಣ ಬಳಿದ ಹಂಗೆ ಬಳಿದಿದೀನಪ್ಪಾ."

"ಹಂಗಾದ್ರೆ... ಕಂಪ್ಯೂಟರು ಚೆನ್ನಾಗಿದೆಯಾ? ಏನೂ ತೊಂದರೆ ಇಲ್ವಾ?"

ಇವಳು ಆಗಲೇ ಚಾಡಿ ಹೇಳಿದ್ದಾಳೆ ಎಂದು ಹೆಂಡತಿಯ ಕಡೆ ಕಣ್ಣು ಕೆಂಪಗೆ ಮಾಡಿ, "ಕುದುರೆ ಓಡಿದ ಹಂಗೆ ಓಡ್ತಿದೆ!" ಎಂದು ಸುಳ್ಳು ಬಿಟ್ಟರು. ಅತ್ತಲಿಂದ "ಹೌದಾ... ಸರಿ ಭಾವ" ಎಂದು ಫೋನು ಕಟ್ಟಾಯಿತು. ಹುಟ್ಟಿದಾಗಿನಿಂದ ಅರ್ಧ ಗಂಟೆಗೆ ಮುಂಚೆ ಫೋನಿಟ್ಟವನಲ್ಲ ಆ ಮನುಷ್ಯ.

ಮಧ್ಯಾಹ್ನ ಕಳೆಯಿತು. ಹೋಳಿಗೆ ಆರಿ ಅಪ್ಪಳವಾಯಿತು. ಮುರುಗೇಶಪ್ಪನವರು ವೈರುಗಳನ್ನು ಕಿತ್ತು ಕಿತ್ತು ಸಿಕ್ಕಿಸಿದರು. ಮೇಷ್ಟ್ರು ಶ್ಲೋಕ ಹೇಳಿದರು, ವೀರಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಕಂಪ್ಯೂಟರು ಮಾತ್ರ ಗುಂಯ್ ಎಂದು ಎಲ್ಲರಿಗೂ ಕೈಮುಗಿದು ಮಲಗುತ್ತಲೇ ಇತ್ತು. ಹೊತ್ತು ಕೆಳಗಿಳಿಯಿತು. ಬಸವರಾಜೇಶ್ವರಿಯವರ ಕೈ ಫೋನಿನ ಕಡೆ ಹೋಯಿತು.

"ಬನ್ನಿ ಕೊಡೋಕೆ ಜನ ಬರೋ ಹೊತ್ತಾಯ್ತು, ಮೊದಲು ಮುಖ ತೊಳ್ಕೊಳ್ಳಿ. ಬೆಳಿಗ್ಗೆ ಹಚ್ಚಿದ ವಿಭೂತಿ ಒಣಗಿ ಗೋಡೆ ಬಿರುಕು ಬಿಟ್ಟಂಗಾಗಿದೆ."

ಬಚ್ಚಲ ಕನ್ನಡಿಯ ಮುಂದೆ ನಿಂತು ಮುರುಗೇಶಪ್ಪನವರು ಹುಬ್ಬೇರಿಸಲು ನೋಡಿದರು. ಹುಬ್ಬು ಏರಲಿಲ್ಲ. ಹಣೆ ಬಿಗಿದುಕೊಂಡಿತ್ತು. ಬಲವಂತ ಮಾಡಿ ಏರಿಸಿದರೆ ಇಳಿಯಲಿಲ್ಲ, ಅಲ್ಲೇ ಹಿಡಿದುಕೊಂಡು ನಿಧಾನಕ್ಕೆ ಜಾರಿತು.

ಹಿಡಿದುಕೊಂಡು... ನಿಧಾನಕ್ಕೆ...

ಮುಖ ತೊಳೆಯದೆ ಓಡಿ ಬಂದರು. ನಿನ್ನೆ ಅವರು ಕಂಪ್ಯೂಟರಿನ ಹಣೆ ಯಾವುದೆಂದು ಹುಡುಕಿ, ನಟ್ಟನಡುವೆ ದುಂಡಗಿದ್ದ ಗುಂಡಿಯೇ ಹಣೆ ಎಂದು ತೀರ್ಮಾನಿಸಿ, ಅದರ ಮೇಲೆಯೇ ಮೂರು ಬೆರಳಿನ ಪಟ್ಟೆ ಎಳೆದಿದ್ದರು. ವಿಭೂತಿ ಸಂದಿಗಿಳಿದು ಗಾರೆಯಾಗಿತ್ತು. ಒತ್ತಿದ ಗುಂಡಿ ಒಳಗೇ ಕಚ್ಚಿಕೊಳ್ಳುತ್ತಿತ್ತು. ಗುಂಡಿಯನ್ನು ಬಿಡದೆ ಒತ್ತಿ ಹಿಡಿದರೆ ಯಂತ್ರ ಆರುತ್ತದೆ ಎಂಬುದು ಅವರಿಗೂ ಗೊತ್ತಿತ್ತು. ಬೆಳಿಗ್ಗೆಯಿಂದ ಅದನ್ನು ಹಾಗೆ ಒತ್ತಿ ಹಿಡಿದು ಮಲಗಿಸುತ್ತಿದ್ದದ್ದು ಅವರ ಭಕ್ತಿಯೇ!

ಪ್ಲಗ್ಗು ಕಿತ್ತರು. ಒದ್ದೆ ಹತ್ತಿ, ಬೆಂಕಿಕಡ್ಡಿ ತಂದು ಸಂದಿ ಕೆದಕಿದರು, ಒರೆಸಿದರು, ಆರಿಸಿದರು. ಗುಂಡಿ ಟಿಕ್ ಎಂದು ಒಳಗೆ ಹೋಗಿ ಟಿಕ್ ಎಂದು ಹೊರಗೆ ಬಂತು. ಪ್ಲಗ್ಗು ಹಾಕಿ ಒತ್ತಿದರು. ಗುಂಯ್. ಎಲ್ಲರೂ ಉಸಿರು ಹಿಡಿದರು. ಪರದೆಯ ಮೇಲೆ ನೀಲಿ ಬೆಳಕು ಹರಿಯಿತು, ಹೋದ ವಾರ ರಸ್ತೆ ಗುಂಡಿಯ ಬಗ್ಗೆ ಪತ್ರಿಕೆಗೆ ಬರೆದಿಟ್ಟಿದ್ದ ದೂರು ಕೂಡ ಇದ್ದಲ್ಲೇ ಇತ್ತು.

"ಎದ್ದಿತು!" ವೀರಮ್ಮ ಚಪ್ಪಾಳೆ ಹೊಡೆದರು. "ಈಶಾನ್ಯಕ್ಕೆ ತಿರುಗಿಸಿದ್ದು ಸುಮ್ಮನೆ ಹೋಗಲಿಲ್ಲ" ಎಂದರು ಮೇಷ್ಟ್ರು. ಬನ್ನಿ ಎಲೆ ಹಿಡಿದು ಬಂದ ಬೀದಿಯವರೆಲ್ಲ ಮೊದಲು ಮುರುಗೇಶಪ್ಪನವರ ಕೈಗೇ ಬಂಗಾರ ಕೊಟ್ಟರು. ಬಸವರಾಜೇಶ್ವರಿ ತುಪ್ಪ ಸುರಿದ ಹೋಳಿಗೆ ತಂದರು. ಮೊದಲನೇದು!

"ವಿಜೀಗೂ ಹೇಳ್ತೀನಿ ಇರಿ, ನಮ್ಮನೇರು ಯಾರಿಗೆ ಕಮ್ಮಿ?" ಎಂದು ಫೋನನ್ನು ಎಲ್ಲರಿಗೂ ಕೇಳುವಂತೆ ಹಿಡಿದು, ವಿಭೂತಿಯಿಂದ ಬೆಂಕಿಕಡ್ಡಿಯವರೆಗೆ ಒಪ್ಪಿಸಿದರು.

ಅತ್ತಲಿಂದ ಬಂದದ್ದು ಸಣ್ಣ ದನಿ. "ಭಾವ, ನೀವು ದೊಡ್ಡೋರು. ನಂದೂ ಬೆಳಿಗ್ಗೆಯಿಂದ ಅದೇ ಗೋಳು. ಊರಿಗೆಲ್ಲ ರಿಪೇರಿ ಮಾಡೋನು, ಯಾರ ಹತ್ರ ಬಾಯಿಬಿಡ್ಲಿ? ನಮ್ಮ ಬೀದಿ ಕಂಪ್ಯೂಟರಿಗೆಲ್ಲ ವಿಭೂತಿ ಬಳಿದಿದ್ದೂ ನಾನೇ. ಜನ ಬಾಗಿಲಿಗೆ ಬಂದಿದಾರೆ."

ಮುರುಗೇಶಪ್ಪನವರ ಎದೆ ಅಗಲವಾಯಿತು. "ಅಯ್ಯೋ, ಅಷ್ಟೇ ತಾನೇ? ಒದ್ದೆ ಹತ್ತೀಲಿ ಒರೆಸಪ್ಪಾ..."

"ಫೋನಲ್ಲಿ ಕಲಿಯೋ ವಿದ್ಯೆ ಅಲ್ಲ ಭಾವ ಇದು, ಎದುರಿಗೆ ಕೂತೇ ಕಲೀಬೇಕು. ಎಲ್ಲಾ ಕಂಪ್ಯೂಟರೂ ಆಟೋಗೆ ಹಾಕ್ಕೊಂಡು ಹೊರಟೆ. ಅಕ್ಕಾ, ಕಿಟಕಿ ಪಕ್ಕದ ಮಂಚ ಝಾಡಿಸಿರು. ಈ ಸಲ ಹದಿನೈದು ದಿನ ಆದ್ರೂ ಆಗುತ್ತೆ."

ಬೀದಿಯವರು ಇನ್ನೂ ಜೈಕಾರ ಹಾಕುತ್ತಿದ್ದರು. ಅವರ ನಡುವೆಯೇ ಮುರುಗೇಶಪ್ಪನವರು ಕೋಣೆಯಿಂದ ಹಾಲಿಗೆ ನಡೆದರು, ಅಂಬಾರಿ ಹೊತ್ತ ಸಕ್ರೆಬೈಲಿನ ಆನೆಯ ಗತ್ತಿನಲ್ಲಿ, ತಮ್ಮ ಹಾಸಿಗೆಯನ್ನು ತಲೆಯ ಮೇಲೆ ಹೊತ್ತುಕೊಂಡು.